ತುಮಕೂರಿನಿಂದ ಗಂಗೊಳ್ಳಿಗೆ ಬಸ್ ಮಾಡುವಾಗ: ಕಿಲೋಮೀಟರಿಗಿಂತ ಮೊದಲು ಡ್ರೈವರ್ ಗಂಟೆ ಎಣಿಸಿ

ಮನೆಮಂದಿ, ಸಹೋದ್ಯೋಗಿಗಳು, ಮಹಿಳಾ ಸಂಘದವರು ಯಾರೇ ಬಸ್ ಬಾಡಿಗೆಗೆ ವಿಚಾರಿಸಲಿ, ಮೊದಲು ಬಾಯಿಗೆ ಬರುವ ಮಾತು ‘ಕಿಲೋಮೀಟರಿಗೆ ಎಷ್ಟು?’ ಎಂಬುದು. ಕೇಳಲೇಬೇಕಾದ ಮಾತು ಅದು. ಆದರೆ ಕುಂದಾಪುರದ ಬಳಿಯ ಗಂಗೊಳ್ಳಿಯಂಥ ಬಂದರು ಊರಿಗೆ ಹೊರಟಾಗ ಅದಕ್ಕೂ ಮೊದಲು ಡ್ರೈವರ್ ಎಷ್ಟು ಗಂಟೆ ಸ್ಟೇರಿಂಗ್ ಹಿಡಿಯಬೇಕಾಗುತ್ತದೆ ಎಂದು ಲೆಕ್ಕ ಹಾಕಬೇಕು. ಉಳಿದ ಲೆಕ್ಕವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ದಾರಿ ಹೀಗಿದೆ. ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ಹಾದು ಶಿವಮೊಗ್ಗ. ಅಲ್ಲಿಂದ ತೀರ್ಥಹಳ್ಳಿ, ಮಾಸ್ತಿಕಟ್ಟೆ, ಹುಲಿಕಲ್‌ನ ಬಾಳೆಬರೆ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರ, ಕುಂದಾಪುರ. ಒಂದು ದಿಕ್ಕಿಗೆ ಸುಮಾರು 350 ಕಿ.ಮೀ. ಕುಣಿಗಲ್, ಹಾಸನ, ಶಿರಾಡಿ ಘಾಟಿ, ಮಂಗಳೂರು, ಉಡುಪಿ ಮೂಲಕವೂ ಹೋಗಬಹುದು. ಏರಿಳಿತ ಸಲೀಸು, ಆದರೆ 400 ಕಿ.ಮೀ. ದಾಟುತ್ತದೆ. ಆಗುಂಬೆ ಘಾಟಿಯ ಆಸೆ ದೊಡ್ಡ ಬಸ್ಸಿನವರಿಗೆ ಬೇಡ. ಅಲ್ಲಿನ 14 ಹೇರ್‌ಪಿನ್ ತಿರುವುಗಳಲ್ಲಿ ಓಡಾಡುವುದು ಮಿನಿ ಬಸ್‌ಗಳು. ಮಳೆಗಾಲದಲ್ಲಿ ಘಾಟಿಗಳಲ್ಲಿ ಭಾರೀ ವಾಹನ ಸಂಚಾರವನ್ನು ಜಿಲ್ಲಾಧಿಕಾರಿಗಳು ನಿಲ್ಲಿಸುವುದುಂಟು. ಹಾಗಾಗಿ ಆ ತಿಂಗಳುಗಳಲ್ಲಿ ಬುಕ್ ಮಾಡುವಾಗಲೇ ‘ಘಾಟಿ ಬಂದ್ ಆದರೆ ಶಿರಾಡಿ ಮೇಲೆ ಹೋಗುವುದು, ಹೆಚ್ಚಾದ ಕಿ.ಮೀ.ಗೆ ಇದೇ ದರ’ ಎಂದು ಬರೆಸಿಕೊಳ್ಳಿ.

ಈಗ ಗಂಟೆ ಎಣಿಸೋಣ. ಶಿವಮೊಗ್ಗದವರೆಗಿನ 200 ಕಿ.ಮೀ.ಗೆ ನಾಲ್ಕು, ನಾಲ್ಕೂವರೆ ಗಂಟೆ. ಉಳಿದ 150 ಕಿ.ಮೀ. ಮಲೆನಾಡಿನ ತಿರುವು ಮತ್ತು ಘಾಟಿ. ಅದಕ್ಕೂ ಹತ್ತಿರಹತ್ತಿರ ಅಷ್ಟೇ ಹೊತ್ತು. ಸ್ಟೇರಿಂಗ್ ಮೇಲೆಯೇ ಎಂಟು ಗಂಟೆ ದಾಟಿತು. ತಿಂಡಿ, ಊಟ, ಮೂತ್ರಕ್ಕೆ ನಿಲ್ಲಿಸುವುದು ಸೇರಿ ಹನ್ನೊಂದು ಗಂಟೆ. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಯಾಗುವವರೆಗೆ ಇದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ರ ಸಾಮಾನ್ಯ ನಿಯಮ ದಿನಕ್ಕೆ 8 ಗಂಟೆ ಕೆಲಸ ಎಂದಿತ್ತು. ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು, ಬಿಡುವೂ ಸೇರಿ ದುಡಿಮೆಯ ಹರವು 12 ಗಂಟೆ ಮೀರುವಂತಿರಲಿಲ್ಲ. ಆ ಅಳತೆಯಲ್ಲಿ ನೋಡಿದರೆ ಹೋಗುವ ದಾರಿ ಒಂದೇ ಒಬ್ಬ ಡ್ರೈವರ್‌ನ ಇಡೀ ದಿನವನ್ನು ತಿಂದುಬಿಡುತ್ತದೆ. ಊರು ಮುಟ್ಟಿದ ಮೇಲೆ ‘ಸಂಜೆ ಹಾಗೇ ಕೊಲ್ಲೂರಿಗೆ ಹೋಗಿಬರೋಣ’ ಎನ್ನುವುದು ಆ ಮನುಷ್ಯನ ನಿದ್ದೆಗೆ ಕೈಹಾಕಿದಂತೆ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಕಡೆ ಬಹಳ ರೂಢಿಯಲ್ಲಿರುವ ಏರ್ಪಾಡು: ಶುಕ್ರವಾರ ರಾತ್ರಿ 9ಕ್ಕೆ ಹೊರಟು, ಶನಿವಾರ ಬೆಳಗ್ಗೆ ಸಮುದ್ರ ಕಂಡು, ಅದೇ ಬಸ್ಸಿನಲ್ಲಿ ದಿನವಿಡೀ ಸುತ್ತುವುದು. ಹಿಂದಿನ ಹಗಲು ಆ ಬಸ್ ಮದುವೆ ದಿಬ್ಬಣಕ್ಕೆ ಹೋಗಿ ಬಂದಿದ್ದರಂತೂ ಡ್ರೈವರ್ ಎರಡು ದಿನ ಸರಿಯಾಗಿ ಮಲಗಿರುವುದಿಲ್ಲ. ರಾತ್ರಿಯೇ ಹೋಗಬೇಕೆಂದರೆ ಎರಡನೇ ಡ್ರೈವರ್ ಬೇಕು, ಅವರ ಬಾಟಾ (ದಿನದ ಭತ್ಯೆ) ಬೇರೆ. ಬುಕ್ ಮಾಡುವಾಗ ನೇರವಾಗಿ ಕೇಳಿ: ‘ನಮ್ಮ ಟ್ರಿಪ್‌ಗೆ ಮೊದಲು ಈ ಡ್ರೈವರ್ ಎಲ್ಲಿಂದ ಬರುತ್ತಾರೆ? ಬಾಳೆಬರೆ ಘಾಟಿ ಇಳಿಸಿದ್ದಾರಾ?’ ತಕ್ಕ ಉತ್ತರ ಬಾರದಿದ್ದರೆ ಬೇರೆ ಗಾಡಿ ನೋಡಿ.

ದುಡ್ಡಿನ ಲೆಕ್ಕವೂ ಇದೇ ಕಡೆ ವಾಲುತ್ತದೆ. ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂದು ಇರುತ್ತದೆ, 250 ಅಥವಾ 300. ದಿನ ಎಂದರೆ ರಾತ್ರಿ ಹನ್ನೆರಡರಿಂದ ರಾತ್ರಿ ಹನ್ನೆರಡು. ಕನಿಷ್ಠ 300 ಎಂದಿಟ್ಟುಕೊಳ್ಳಿ. ಹೋಗಿಬರುವುದು 700, ಸ್ಥಳೀಯ ಓಡಾಟ 100, ಒಟ್ಟು 800 ಕಿ.ಮೀ. ಶುಕ್ರವಾರ ರಾತ್ರಿ 9ಕ್ಕೆ ಹೊರಟು ಭಾನುವಾರ ರಾತ್ರಿ ಬಂದರೆ ಅದು ಮೂರು ದಿನ: ಓಡಿದ್ದು 800 ಆದರೂ 900ಕ್ಕೆ ಕೊಡಬೇಕು, ಮೂರು ದಿನದ ಬಾಟಾ ಕೊಡಬೇಕು. ಶನಿವಾರ ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ಎರಡೇ ದಿನ, 800ಕ್ಕೇ ಬಿಲ್. ಡ್ರೈವರ್ ನಿದ್ದೆ ಮುಗಿಸಿ ಬಂದಿರುತ್ತಾರೆ, ಘಾಟಿಯೂ ಹಗಲು ಬೆಳಕಿನಲ್ಲಿ ಸಿಗುತ್ತದೆ. ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಊರು. ಭಾನುವಾರ ಬೆಳಗ್ಗೆ ಬಂದರು ನೋಡಿ ಒಂಬತ್ತಕ್ಕೆ ಬಿಟ್ಟರೆ ರಾತ್ರಿ ಎಂಟಕ್ಕೆ ತುಮಕೂರು. ಇಷ್ಟು ಸಾಲದು, ಕೊಲ್ಲೂರೂ ಬೇಕು, ಮರವಂತೆಯೂ ಬೇಕು ಎನ್ನುವವರು ಒಂದು ರಾತ್ರಿ ಹೆಚ್ಚು ಉಳಿಯುವುದೇ ಸರಿ.

ಮೀಟರ್ ಶೆಡ್‌ನಿಂದ ಶೆಡ್‌ಗೆ ಓಡುತ್ತದೆ, ನಿಮ್ಮ ಮನೆ ಬಾಗಿಲಿನಿಂದಲ್ಲ. ಗಾಡಿ ಬೆಂಗಳೂರಿನದಾದರೆ ಖಾಲಿ ಓಡಾಟವೇ ನೂರು ಕಿ.ಮೀ.ಗೂ ಮಿಕ್ಕಿ ಸೇರುತ್ತದೆ. ಆದ್ದರಿಂದ ದರ ಒಂದು ರೂಪಾಯಿ ಹೆಚ್ಚಿದ್ದರೂ ತುಮಕೂರಿನ ಗಾಡಿಯೇ ಅಗ್ಗ ಬೀಳಬಹುದು. ಟೋಲ್, ಪಾರ್ಕಿಂಗ್, ರಾತ್ರಿ ಬಾಟಾ, ಜಿಎಸ್‌ಟಿ, ಎಸಿ ದರ ಯಾವುದು ಸೇರಿದೆ, ಯಾವುದು ಬೇರೆ ಎಂದು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಹೊರಡುವಾಗ, ಬಂದಾಗ ಮೀಟರ್‌ನ ಫೋಟೊ ತೆಗೆದಿಡಿ.

ಎಷ್ಟು ಸೀಟಿನ ಗಾಡಿ? ಗಂಗೊಳ್ಳಿಗೆ ನನ್ನ ಖಚಿತ ಅಭಿಪ್ರಾಯ: 30 ಜನರವರೆಗೆ 33 ಸೀಟಿನ ಮಿನಿ ಬಸ್, 45 ಜನವಿದ್ದರೂ 49 ಸೀಟಿನ ಒಂದು ಬಸ್ಸಿಗಿಂತ 26 ಸೀಟಿನ ಎರಡು ಗಾಡಿ ಮೇಲು. ಖರ್ಚು ಹೆಚ್ಚಾಗುತ್ತದೆ, ನಿಜ. ಆದರೆ ದೊಡ್ಡ ಬಸ್ ಹನ್ನೊಂದು, ಹನ್ನೆರಡು ಮೀಟರ್ ಉದ್ದ. ಒಂದೇ ಸುತ್ತಿಗೆ ತಿರುಗಬೇಕೆಂದರೆ ಇಪ್ಪತ್ತು ಮೀಟರಿಗೂ ಮಿಕ್ಕಿ ಅಗಲ ಬೇಕು. ಕರಾವಳಿಯ ಒಳರಸ್ತೆಗಳಲ್ಲಿ ಕೆಂಪುಕಲ್ಲಿನ ಕಾಂಪೌಂಡು ರಸ್ತೆಗೆ ಅಂಟಿಕೊಂಡಿರುತ್ತದೆ, ಮೇಲೆ ಕರೆಂಟ್ ತಂತಿ, ತೆಂಗಿನ ಗರಿ. ಟಾಪ್ ಮೇಲೆ ಲಗೇಜ್ ಕಟ್ಟಿದ್ದರೆ ಇನ್ನೂ ಕಷ್ಟ. ಸೀಟು ಲೆಕ್ಕ ಹಾಕುವಾಗ ಬ್ಯಾಗುಗಳನ್ನೂ ಎಣಿಸಿ: ಅನೇಕ ಮಿನಿ ಬಸ್‌ಗಳ ಹಿಂದಿನ ಡಿಕ್ಕಿ ಸಣ್ಣದು, ಮಿಕ್ಕ ಬ್ಯಾಗುಗಳು ನಡುವಿನ ದಾರಿಯಲ್ಲಿ ಕೂರುತ್ತವೆ, ತುರ್ತು ಬಾಗಿಲಿಗೆ ಅಡ್ಡವಾಗುತ್ತವೆ.

ಮುಂಗಡ ಕೊಡುವ ಮೊದಲು ಗಾಡಿ ನಂಬರ್ ತೆಗೆದುಕೊಂಡು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ), ಇನ್ಶೂರೆನ್ಸ್, ಪರ್ಮಿಟ್ ಎಂದಿನವರೆಗಿದೆ ಎಂಬುದು ಕಾಣುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿವರ್ಷ ಆಗಬೇಕು. ಬಿಳಿ ಬೋರ್ಡಿನ (ಸ್ವಂತ ಬಳಕೆಯ) ಗಾಡಿ, ಶಾಲಾ ವಾಹನ ಅಗ್ಗಕ್ಕೆ ಸಿಗುತ್ತವೆ. ಆದರೆ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಪರ್ಮಿಟ್ ಉಲ್ಲಂಘನೆಯ ತಕರಾರು ತೆಗೆಯುತ್ತದೆ. ಕೆಎಸ್‌ಆರ್‌ಟಿಸಿ ಕೂಡ ಒಪ್ಪಂದದ ಮೇಲೆ ಬಸ್ ಕೊಡುತ್ತದೆ, ಡಿಪೋದಲ್ಲಿ ವಿಚಾರಿಸಿ. ಡಿಪಾಸಿಟ್ ಕಟ್ಟಬೇಕು, ದಾರಿ ಬದಲಿಸುವ ಸ್ವಾತಂತ್ರ್ಯ ಕಡಿಮೆ.

ಸಾಧ್ಯವಾದರೆ ಶೆಡ್‌ಗೇ ಹೋಗಿ ಗಾಡಿ ನೋಡಿ. ಮುಂದಿನ ಎರಡು ಟೈರು ರೀಸೋಲ್ (ಸವೆದ ಟೈರಿಗೆ ಹೊಸ ಪಟ್ಟಿ ಹಾಕಿದ್ದು) ಆಗಿರಬಾರದು. ಏರ್ ಬ್ರೇಕಿನ ಗಾಡಿಯಾದರೆ ಗಾಳಿ ತುಂಬಿದ ಮೇಲೆ ಇಂಜಿನ್ ಆಫ್ ಮಾಡಿಸಿ, ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಗೇಜಿನ ಮುಳ್ಳು ಇಳಿಯುತ್ತಲೇ ಹೋದರೆ, ಎಲ್ಲೋ ಬುಸ್ ಎಂದು ಕೇಳಿಸಿದರೆ ಲೀಕ್ ಇದೆ. ತುರ್ತು ಬಾಗಿಲನ್ನು ಕೈಯಾರೆ ತೆಗೆದು ನೋಡಿ. ಸ್ಟೆಪ್ನಿ, ಜಾಕ್, ಬೆಂಕಿ ನಂದಿಸುವ ಸಿಲಿಂಡರ್ ಇವೆಯೇ ಕೇಳಿ. ಗಾಡಿ ಕೆಟ್ಟರೆ ಬದಲಿ ಗಾಡಿ ಎಷ್ಟು ಗಂಟೆಯಲ್ಲಿ, ಯಾರ ಖರ್ಚಿನಲ್ಲಿ ಬರುತ್ತದೆ ಎಂಬುದನ್ನೂ ಆಗಲೇ ಮಾತಾಡಿ.

ಘಾಟಿಯಲ್ಲಿ ಆಗುವ ತೊಂದರೆ ಬಹುಪಾಲು ಬ್ರೇಕಿನದು. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಬಂದರೆ ಡ್ರಮ್ಮು ಕಾದು ಹಿಡಿತ ಕಡಿಮೆಯಾಗುತ್ತದೆ. ಸುಟ್ಟ ವಾಸನೆ ಅದರ ಮುನ್ಸೂಚನೆ. ಪಳಗಿದ ಡ್ರೈವರ್ ಇಳಿಯುವ ಮೊದಲೇ ಸಣ್ಣ ಗೇರ್ ಹಾಕಿ ಇಂಜಿನ್ ಹಿಡಿತದಲ್ಲೇ ಇಳಿಸುತ್ತಾರೆ. ನಿಧಾನವಾಯಿತೆಂದು ಹಿಂದಿನಿಂದ ಕೂಗಬೇಡಿ. ಹುಲಿಕಲ್‌ನ ಚಂಡಿಕಾಂಬೆ ಗುಡಿಯ ಬಳಿ ಗಾಡಿ ನಿಲ್ಲಿಸಿ ಕೈಮುಗಿದು ಹೋಗುವುದು ಡ್ರೈವರ್‌ಗಳ ವಾಡಿಕೆ. ಆ ಹೊತ್ತಿನಲ್ಲೇ ಟೈರು ಮುಟ್ಟಿ ನೋಡಲು, ವಾಂತಿ ಬರುವವರು ಮುಂದೆ ಬಂದು ಕೂರಲು ಅನುಕೂಲ. ಏರುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಎಸಿ ಆಫ್ ಮಾಡುತ್ತಾರೆ. ಅದಕ್ಕೆ ಜಗಳ ಬೇಡ.

ಇನ್ನು ಊರಿನ ವಿಷಯ. ಗಂಗೊಳ್ಳಿ ಕುಂದಾಪುರದಿಂದ ನೀರಿನಾಚೆ ಕಣ್ಣಿಗೆ ಕಾಣುತ್ತದೆ. ಬಸ್ಸಿಗಾದರೋ ಹೆಮ್ಮಾಡಿ, ಮುಳ್ಳಿಕಟ್ಟೆ ದಾಟಿ ತ್ರಾಸಿಗೆ ಹೋಗಿ, ಹೆದ್ದಾರಿ ಬಿಟ್ಟು ಮತ್ತೆ ದಕ್ಷಿಣಕ್ಕೆ ಇಳಿಯುವ ಸುತ್ತು. ಮ್ಯಾಪ್‌ನಲ್ಲಿ ಹತ್ತಿರವೆಂದು ಕುಂದಾಪುರದಲ್ಲಿ ರೂಮ್ ಮಾಡಿದವರು ಪ್ರತಿಸಲವೂ ಆ ಸುತ್ತು ಹಾಕಬೇಕು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿ ನದಿ. ರಸ್ತೆ ಮುಗಿಯುವುದು ಬಂದರಿನ ಬಳಿ. ಬೆಳಗಿನ ಹೊತ್ತು ಅಲ್ಲಿ ಮೀನಿನ ಲಾರಿ, ಐಸ್ ಗಾಡಿ, ಬುಟ್ಟಿ ಹೊತ್ತ ಹೆಂಗಸರು. ಅದು ಅವರ ದುಡಿಮೆಯ ಜಾಗ, ನಮ್ಮ ಬಸ್ ಅಲ್ಲಿಗೆ ನುಗ್ಗಬಾರದು. ತ್ರಾಸಿಯಲ್ಲೇ ಜಾಗ ಕೇಳಿ ಬಸ್ ನಿಲ್ಲಿಸಿ, ಆಟೋದಲ್ಲಿ ಬಂದರಿಗೆ ಹೋಗಿ. ಮರವಂತೆ, ತ್ರಾಸಿ ಕಡಲ ಬದಿಯಲ್ಲಿ ಡಾಂಬರು ಬಿಟ್ಟು ಮರಳಿಗೆ ಇಳಿಸಲು ಡ್ರೈವರ್‌ಗೆ ಒತ್ತಾಯ ಮಾಡಬೇಡಿ. ಚಕ್ರ ಹೂತರೆ ಜನರೆಲ್ಲ ಸೇರಿ ತಳ್ಳಿದರೂ ಅಲುಗುವುದಿಲ್ಲ, ಜೆಸಿಬಿ ಕರೆಸಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ, ಹರಾಜಿನ ಗದ್ದಲ ಇರುವುದಿಲ್ಲ. ಬಂದರು ನೋಡಲೆಂದೇ ಹೋಗುವವರಿಗೆ ಮಳೆ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯದು.

ಡ್ರೈವರ್‌ಗೆ ಮಲಗಲು ರೂಮಿನ ಏರ್ಪಾಡು ನಿಮ್ಮದೇ ಎಂದುಕೊಳ್ಳಿ. ಕರಾವಳಿಯ ಸೆಕೆಯಲ್ಲಿ, ಸೊಳ್ಳೆಯಲ್ಲಿ ಬಸ್ಸಿನ ಸೀಟಿನ ಮೇಲೆ ಮಲಗಿದವರಿಗೆ ಮರುದಿನ ಘಾಟಿ ಹತ್ತಿಸಲು ಕಣ್ಣು ತೆರೆದಿರುವುದೇ ಕಷ್ಟ. ಲಾಡ್ಜ್ ಬುಕ್ ಮಾಡುವಾಗಲೇ ಫ್ಯಾನ್ ಇರುವ ಒಂದು ಹಾಸಿಗೆ, ಬಸ್ ನಿಲ್ಲಿಸಲು ಜಾಗ ಎರಡನ್ನೂ ಕೇಳಿ.

ಮೀನು ತರುವ ಆಸೆಯಿದ್ದರೆ ಬುಕ್ ಮಾಡುವಾಗಲೇ ಮಾಲೀಕರ ಒಪ್ಪಿಗೆ ಪಡೆಯಿರಿ. ಮೀನಿನಷ್ಟೇ ತೂಕದ ಐಸ್ ಹಾಕಿ, ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳಕ್ಕೆ ಸುತ್ತಲೂ ಟೇಪ್ ಹಚ್ಚಿ, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಡಿಕ್ಕಿಯಲ್ಲಿಡಿ. ಹನ್ನೊಂದು ಗಂಟೆಯ ದಾರಿ. ಕರಗಿದ ನೀರು ಸೋರಿ ಡಿಕ್ಕಿಯ ತಗಡಿಗೆ ಇಳಿದರೆ ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ತೊಳೆಸುವ ಖರ್ಚು ನಿಮ್ಮ ಬಿಲ್ಲಿಗೆ ಸೇರುತ್ತದೆ. ಶಿವಮೊಗ್ಗದಲ್ಲಿ ಊಟಕ್ಕೆ ನಿಲ್ಲಿಸಿದಾಗ ಪೆಟ್ಟಿಗೆ ತೆಗೆದು ನೋಡಿ, ಐಸ್ ಇಳಿದಿದ್ದರೆ ನೀರು ಚೆಲ್ಲಿ ಹೊಸ ಐಸ್ ತುಂಬಿ.