ಚಳಿ ಬಿದ್ದಾಗಲೇ ಕೈಕೊಡುತ್ತಿದ್ದ ಥರ್ಮೋಸ್ಟಾಟ್

ಧಾರವಾಡದ ಡಿಸೆಂಬರ್ ಚಳಿ ಕಂಡವರಿಗೆ ಬೆಳಗಿನ ಐದರ ಸ್ನಾನ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅವ್ವನಿಗೆ ಆ ಹೊತ್ತಿಗೇ ಜಳಕ ಆಗಬೇಕು. ಪೂಜೆ ಮುಗಿಯುವವರೆಗೆ ಒಂದು ಕಪ್ ಚಹಾ ಕೂಡ ಕುಡಿಯುವುದಿಲ್ಲ. ಮಂಡಿನೋವು ಬೇರೆ. ತಣ್ಣೀರು ಮೈಮೇಲೆ ಬಿದ್ದರೆ ಮಧ್ಯಾಹ್ನದವರೆಗೂ ಗೋಡೆ ಹಿಡಿದೇ ನಡೆಯಬೇಕು.

ಪುಣೆಯಲ್ಲಿರುವ ನನ್ನ ತಮ್ಮ ಅದಕ್ಕೇ ಹೋದ ವರ್ಷ ನಮ್ಮ ಗೀಸರಿಗೆ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿದ್ದ. ಅಂಗೈಯಷ್ಟು ಅಗಲದ ಬಿಳಿ ಪೆಟ್ಟಿಗೆ ಅದು. ಬೆಳಗಿನ ನಾಲ್ಕೂವರೆಗೆ ತಾನೇ ಗೀಸರ್ ಹಚ್ಚುತ್ತದೆ, ನೀರು 50 ಡಿಗ್ರಿ ಆದ ಕೂಡಲೇ ಆರಿಸುತ್ತದೆ. ಎಷ್ಟು ಬಿಸಿಯಾಗಿದೆ ಅಂತ ಮೊಬೈಲಿನಲ್ಲಿ ಕಾಣುತ್ತದೆ. ಅವ್ವ ಕತ್ತಲಲ್ಲಿ ಎದ್ದು ಸ್ವಿಚ್ ಹುಡುಕುವುದು, ಆಮೇಲೆ ಕಾಯುತ್ತಾ ಕೂರುವುದು ಎಲ್ಲ ತಪ್ಪಿತು. ಮೊದಲ ಚಳಿಗಾಲ ಚೆನ್ನಾಗಿಯೇ ಕಳೆಯಿತು.

ಈ ಸಲ ದೀಪಾವಳಿ ಮುಗಿದು ಚಳಿ ಶುರುವಾದ ಮೇಲೆ ತೊಂದರೆ ಬಂತು. ಒಂದು ದಿನ ನೀರು ಕಾದಿರುತ್ತಿತ್ತು, ಮರುದಿನ ತಣ್ಣಗೆ. ಆ್ಯಪ್ ನೋಡಿದರೆ ಒಮ್ಮೆ 'ಆಫ್‌ಲೈನ್' ಅಂತ ಇರುತ್ತಿತ್ತು, ಇನ್ನೊಮ್ಮೆ ಎಲ್ಲ ಸರಿಯಾಗಿದೆ ಅಂತ.

"ಮುಂಜಾನೆ ಇದು ಏಳೂದs ಇಲ್ಲವಾ. ಬಿಸಲ ಬಿದ್ದ ಮ್ಯಾಲೆ ನೆಟ್ಟಗಾಕ್ಕೈತಿ," ಅಂದಳು ಅವ್ವ.

ತಮ್ಮ ಫೋನಿನಲ್ಲಿ ನಕ್ಕ. "ಅಕ್ಕಾ, ಮಷೀನಿಗೆ ಏನ್ ಚಳಿ? ವೈಫೈ ಪ್ರಾಬ್ಲೆಮ್ ಅದು." ಆಫೀಸಿನ ಊಟದ ಬಿಡುವಿನಲ್ಲಿ ಪುಣೆಯಿಂದಲೇ ಆನ್ ಮಾಡಿ ನೋಡುತ್ತಿದ್ದ. ತಕರಾರಿಲ್ಲದೆ ಆನ್ ಆಗುತ್ತಿತ್ತು. ಕಂಪನಿಯ ಸಹಾಯವಾಣಿಯವರೂ ರೀಸೆಟ್ ಮಾಡಿ, ವೈಫೈ ಪಾಸ್‌ವರ್ಡ್ ಮತ್ತೆ ಹಾಕಿ ಅಂತಷ್ಟೇ ಹೇಳುತ್ತಿದ್ದರು. ವಾರಂಟಿ ಮುಗಿದಿತ್ತು, ಬಂದು ನೋಡುವ ಮಾತೇ ಇರಲಿಲ್ಲ.

ವೈಫೈ ಕಡೆಯೂ ತೊಂದರೆ ಇತ್ತು, ಅದು ಸುಳ್ಳಲ್ಲ. ನಮ್ಮದು ಹಳೇ ಮನೆ, ದಪ್ಪ ಕಲ್ಲಿನ ಗೋಡೆ. ರೌಟರ್ ಮುಂದಿನ ಪಡಸಾಲೆಯಲ್ಲಿ, ಬಚ್ಚಲು ಹಿತ್ತಲ ಕಡೆ. ಇಂಥ ಸಾಧನಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಹಿಡಿಯುತ್ತವೆ. ನಮ್ಮ ರೌಟರ್ ಅದಕ್ಕೂ 5 ಗಿಗಾಹರ್ಟ್ಸಿಗೂ ಒಂದೇ ಹೆಸರು ಇಟ್ಟುಕೊಂಡಿತ್ತು. ಎರಡಕ್ಕೂ ಬೇರೆ ಹೆಸರು ಕೊಟ್ಟು, ರೌಟರನ್ನು ನಡುಮನೆಗೆ ತಂದೆ. ಇನ್ನೊಂದು ವಿಷಯವೂ ಗೊತ್ತಾಯಿತು. ರಾತ್ರಿ ಕರೆಂಟ್ ಹೋಗಿ ಬಂದರೆ ಈ ಪೆಟ್ಟಿಗೆ ಕೆಲವೇ ಸೆಕೆಂಡಿನಲ್ಲಿ ಏಳುತ್ತದೆ. ರೌಟರ್ ಏಳಲು ಒಂದೆರಡು ನಿಮಿಷ ಬೇಕು. ಪೆಟ್ಟಿಗೆಯೊಳಗೆ ಬ್ಯಾಟರಿ ಇಲ್ಲ, ಹಾಗಾಗಿ ಗಂಟೆ ಎಷ್ಟಾಯಿತು ಅನ್ನುವುದನ್ನೂ ಇಂಟರ್ನೆಟ್ಟಿನಿಂದಲೇ ಕೇಳಿ ತಿಳಿಯಬೇಕು. ನೆಟ್ ಸಿಗದಿದ್ದರೆ ಅದಕ್ಕೆ ನಾಲ್ಕೂವರೆ ಆಗುವುದೇ ಇಲ್ಲ! ರೌಟರಿಗೆ ಸಣ್ಣ ಯುಪಿಎಸ್ ಹಾಕಿಸಿದೆ. ಆಫ್‌ಲೈನ್ ಅನ್ನುವುದು ಕಡಿಮೆಯಾಯಿತು. ಆದರೆ ನೀರು ತಣ್ಣಗೇ ಇರುವುದು ನಿಲ್ಲಲಿಲ್ಲ.

ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದು ಗೀಸರ್ ಬಿಚ್ಚಿ ನೋಡಿದ. ಬೋರಿನ ನೀರು, ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿತ್ತು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರೆಯಾಗಿ ಕಾಯಿಲಿಗೆ ಹತ್ತುತ್ತದೆ, ಬಿಸಿ ಹೆಚ್ಚಾದಷ್ಟು ಜಾಸ್ತಿ ಹತ್ತುತ್ತದೆ. ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಿ ತೆಗೆದ. ವೋಲ್ಟೇಜ್ ಕಡಿಮೆ ಇರಬಹುದಾ ಅಂತಲೂ ಕೇಳಿದೆ. ಅದೂ ಒಂದು ಕಾರಣ ಆಗಬಹುದು. 230 ಇರಬೇಕಾದಲ್ಲಿ 190 ವೋಲ್ಟ್ ಬಂದರೆ 2000 ವ್ಯಾಟ್ ಕಾಯಿಲ್ ಸುಮಾರು 1365 ವ್ಯಾಟಿನಷ್ಟೇ ಕೆಲಸ ಮಾಡುತ್ತದೆ. ಆದರೆ ಆಗಲೂ ನೀರು ತಡವಾಗಿಯಾದರೂ ಕಾಯಬೇಕು. ನಮ್ಮಲ್ಲಿ ಕಾಯುತ್ತಲೇ ಇರಲಿಲ್ಲ.

ಅವ್ವನ ಮಾತು ನನ್ನ ತಲೆಯಿಂದ ಹೋಗಲಿಲ್ಲ. ದಿನಾ ಆ ಪೆಟ್ಟಿಗೆಯ ಎದುರು ನಿಲ್ಲುವವಳು ಅವಳು. ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡಲು ಶುರುಮಾಡಿದೆ. ಎಷ್ಟು ಗಂಟೆಗೆ, ಕರೆಂಟ್ ಹೋಗಿತ್ತಾ, ಪೆಟ್ಟಿಗೆಯ ದೀಪ ಹೇಗಿತ್ತು, ಚಳಿ ಎಷ್ಟಿತ್ತು ಅಂತ. ಸಾಲುಗಳು ತುಂಬುತ್ತಾ ಬಂದ ಹಾಗೆ ಅವ್ವ ಹೇಳಿದ್ದೇ ಎದ್ದು ಕಂಡಿತು. ಮೋಡ ಮುಚ್ಚಿ ಚಳಿ ಕಡಿಮೆ ಇದ್ದ ದಿನ ನೀರು ಕಾದಿತ್ತು. ಆಕಾಶ ತಿಳಿಯಾಗಿ ಚಳಿ ಕೊರೆದ ದಿನ ಕಾದಿರಲಿಲ್ಲ.

ಒಂದು ಬೆಳಿಗ್ಗೆ ನಾಲ್ಕೂವರೆಗೆ ಮುಂಚೆಯೇ ಎದ್ದು, ಸ್ವೆಟರ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತೆ. ದೀಪ ಹಚ್ಚಲಿಲ್ಲ. ಪೆಟ್ಟಿಗೆಯ ನೀಲಿ ದೀಪ ಅಲುಗಾಡದೆ ಉರಿಯುತ್ತಿತ್ತು, ಅಂದರೆ ವೈಫೈ ಸಿಕ್ಕಿದೆ. ಹೊತ್ತಿಗೆ ಸರಿಯಾಗಿ ಒಳಗೆ 'ಟಕ್' ಅಂದಿತು. ಆ ಕ್ಷಣವೇ ನೀಲಿ ದೀಪ ಪೂರ್ತಿ ಆರಿತು. ಮತ್ತೆ 'ಟಕ್'. ದೀಪ ಮಿಣಮಿಣ ಅನ್ನಲು ಶುರುವಾಯಿತು, ಸ್ವಲ್ಪ ಹೊತ್ತಿಗೆ ನಿಂತು ಉರಿಯಿತು. ಗೀಸರಿನ ಕೆಂಪು ದೀಪ ಮಾತ್ರ ಹತ್ತಲೇ ಇಲ್ಲ.

ನನಗೆ ಅಲ್ಲೇ ಹೊಳೆಯಿತು. ವೈಫೈ ಹೋಗಿದ್ದರೆ ದೀಪ ಮಿಣುಕಬೇಕು, ಪೂರ್ತಿ ಆರಬಾರದು. ಗೀಸರಿಗೆ ಕರೆಂಟ್ ಕೊಡಲು 'ಟಕ್' ಅನ್ನುವ ಒಳಗಿನ ಸ್ವಿಚ್, ಅಂದರೆ ರಿಲೇ, ಎಳೆಯುವ ಗಳಿಗೆಯಲ್ಲೇ ಪೆಟ್ಟಿಗೆಗೆ ಜೀವ ಹೋಗುತ್ತಿದೆ, ಮತ್ತೆ ಮೊದಲಿಂದ ಶುರುವಾಗುತ್ತಿದೆ. ಎದ್ದ ಮೇಲೆ ನಾಲ್ಕೂವರೆ ಕಳೆದುಹೋಗಿರುತ್ತದೆ, ಹಾಗಾಗಿ ಸುಮ್ನೆ ಕೂರುತ್ತದೆ. ಆ್ಯಪ್‌ನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ತಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪವರ್ ಸಪ್ಲೈ ತೋರಿಸು ಅಕ್ಕಾ," ಅಂದ.

ಶನಿವಾರ ಎಲೆಕ್ಟ್ರಿಷಿಯನ್ನನಿಂದ ಪೆಟ್ಟಿಗೆ ಬಿಚ್ಚಿಸಿ, ಚೀಲದಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ದುರ್ಗದಬೈಲಿನ ಹತ್ತಿರ ಟಿವಿ, ಮಿಕ್ಸರ್ ಬೋರ್ಡ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಕಾಕಾ ಅಂತಲೇ ಕರೆಯುತ್ತಾರೆ. ಔಟ್‌ಪುಟ್ ತಂತಿಗೆ ಬಲ್ಬ್ ಕಟ್ಟಿ, ಗೀಸರಿನ ಬದಲು ಅದನ್ನು ಹಚ್ಚಿ ನೋಡಿದರು. ಬಲ್ಬ್ ಚೆನ್ನಾಗಿ ಹತ್ತಿತು, ಆರಿತು. ಏನೂ ತೊಂದರೆ ಇಲ್ಲ.

"ಮುಂಜಾನೆ ಥಂಡಿಯೊಳಗಷ್ಟ ಕೆಡತೈತ್ರಿ ಕಾಕಾ," ಅಂದೆ. ತಮ್ಮನ ಹಾಗೆ ಅವರು ನಗಲಿಲ್ಲ. ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹುಡುಗನ ಕೈಲಿ ಪಕ್ಕದ ತಂಪುಪಾನೀಯದ ಅಂಗಡಿಯ ಫ್ರಿಜ್ಜಿಗೆ ಕಳಿಸಿದರು. ನನಗೆ ಚಹಾ ತರಿಸಿದರು. ಸ್ವಲ್ಪ ಹೊತ್ತು ಬಿಟ್ಟು ತಂದು ಹಚ್ಚಿದರೆ, 'ಟಕ್' ಅಂತು, ನೀಲಿ ದೀಪ ಆರಿತು. ನಮ್ಮ ಬಚ್ಚಲಲ್ಲಿ ಆದದ್ದೇ ಅಲ್ಲಿಯೂ ಆಯಿತು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿ ಹೇಳಿದೆ.

ಕಾಕಾ ಬೋರ್ಡ್ ಹೊರತೆಗೆದು ಭೂತಗನ್ನಡಿ ನನ್ನ ಕೈಗೇ ಕೊಟ್ಟರು. "ನೋಡ್ರಿ ಅಕ್ಕಾರ, ಇದರ ತಲಿ ಉಬ್ಬೇತಿ." ಬೆರಳಿನ ತುದಿಯಷ್ಟು ಎತ್ತರದ ಕಪ್ಪು ಕೆಪಾಸಿಟರ್. ಪಕ್ಕದಲ್ಲಿದ್ದವುಗಳ ನೆತ್ತಿ ಚಪ್ಪಟೆಯಾಗಿತ್ತು, ಇದರದ್ದು ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಮೇಲೆದ್ದಿತ್ತು. ಬುಡದಲ್ಲಿ ಕಂದು ಕಲೆ. ಮೈಮೇಲೆ 85 ಡಿಗ್ರಿ ಅಂತ ಬರೆದಿತ್ತು.

ಅವರು ವಿವರಿಸಿದ್ದು ಇಷ್ಟು. ರಿಲೇ ಎಳೆಯುವಾಗ, ವೈಫೈ ಮಾತಾಡುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಬೇಕಾಗುತ್ತದೆ. ಆ ಗಳಿಗೆಗೆ ತನ್ನಲ್ಲಿ ಕೂಡಿಟ್ಟದ್ದನ್ನು ಕೊಟ್ಟು ವೋಲ್ಟೇಜ್ ಬೀಳದಂತೆ ಹಿಡಿಯುವುದು ಈ ಕೆಪಾಸಿಟರಿನ ಕೆಲಸ. ಇದರೊಳಗೆ ದ್ರವ ಇರುತ್ತದೆ. ಬಿಸಿಯಲ್ಲಿ ಆ ದ್ರವ ಒಣಗುತ್ತಾ ಬರುತ್ತದೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಅಂತ ಒಂದು ಲೆಕ್ಕ. ನಮ್ಮ ಪೆಟ್ಟಿಗೆ ಇದ್ದದ್ದು ಗೀಸರಿಗೆ ಅಂಟಿಕೊಂಡ ಹಾಗೆ, ಬಿಸಿ ಹಬೆಯಲ್ಲಿ. ಸೊರಗಿದ ಕೆಪಾಸಿಟರ್ ತಣ್ಣಗಾದಾಗ ಇನ್ನಷ್ಟು ಮಂದವಾಗುತ್ತದೆ, ಕರೆಂಟನ್ನು ಬೇಗ ಬಿಟ್ಟುಕೊಡುವುದಿಲ್ಲ. ಬಿಸಿಲೇರಿದ ಮೇಲೆ ಹೇಗೋ ನಿಭಾಯಿಸುತ್ತದೆ. ಮಧ್ಯಾಹ್ನ ತಮ್ಮ ಆನ್ ಮಾಡಿದಾಗಲೆಲ್ಲ ಸರಿಯಾಗಿ ನಡೆದದ್ದು ಅದಕ್ಕೇ.

ಹತ್ತು ರೂಪಾಯಿಯೂ ಬಾಳದ ಆ ಕೆಪಾಸಿಟರನ್ನು ತೆಗೆದು, 105 ಡಿಗ್ರಿ ತಡೆಯುವಂಥದ್ದನ್ನು ಹಾಕಿದರು. ಮತ್ತೆ ಫ್ರಿಜ್ಜು, ಮತ್ತೆ ಪರೀಕ್ಷೆ. ಈ ಸಲ 'ಟಕ್' ಅಂದು ಬಲ್ಬ್ ಹತ್ತಿತು, ನೀಲಿ ದೀಪ ಅಲುಗಲಿಲ್ಲ. ಇಂಥ ಕೆಲಸ ಬಲ್ಲವರು ನಮ್ಮ ಪೇಟೆಯಲ್ಲಿ ಇನ್ನೂ ಇದ್ದಾರೆ ಅನ್ನುವುದು ದೊಡ್ಡ ಮಾತು. ಸಹಾಯವಾಣಿಯಲ್ಲಿ ಕೊನೆಗೆ ಹೊಸದು ಕೊಳ್ಳಿ ಅಂದಿದ್ದರು.

ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಬಚ್ಚಲಿನಿಂದ ಹೊರಗೆ, ನಡುಮನೆಯ ಗೋಡೆಗೆ ಹಾಕಿಸಿದೆ. ತೊಟ್ಟಿಯ ಬಿಸಿ ಅಳೆಯುವ ಸೆನ್ಸರಿನ ತಂತಿಯನ್ನಷ್ಟೇ ಉದ್ದ ಮಾಡಬೇಕಾಯಿತು. ಪಕ್ಕದಲ್ಲೇ ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದೇನೆ. ಮೇಲಕ್ಕೆ ತಿರುಗಿಸಿದರೆ ಸ್ಮಾರ್ಟ್ ಪೆಟ್ಟಿಗೆಯಿಂದ, ಕೆಳಕ್ಕೆ ತಿರುಗಿಸಿದರೆ ಗೀಸರಿಗೆ ನೇರ ಕರೆಂಟ್. ನೇರ ಕೊಟ್ಟಾಗಲೂ ಗೀಸರಿನದೇ ಥರ್ಮೋಸ್ಟಾಟ್ ಮತ್ತು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಇದ್ದೇ ಇರುತ್ತವೆ. ಅವೆರಡನ್ನು ಮಾತ್ರ ಯಾರು ಹೇಳಿದರೂ ತೆಗೆಸಬೇಡಿ, ಜೀವದ ಪ್ರಶ್ನೆ ಅದು. ನಮ್ಮಲ್ಲಿ ಅರ್ಥಿಂಗ್ ಕೂಡ ಆಗಲೇ ಪರೀಕ್ಷೆ ಮಾಡಿಸಿದೆವು.

ತಮ್ಮ ಸಂಕ್ರಾಂತಿಗೆ ಬಂದಾಗ ಅವ್ವ ಅವನನ್ನು ಸ್ವಿಚ್ಚಿನ ಮುಂದೆ ನಿಲ್ಲಿಸಿ ಯಾವ ಕಡೆ ತಿರುಗಿಸಿದರೆ ಏನಾಗುತ್ತದೆ ಅಂತ ತಾನೇ ತೋರಿಸಿಕೊಟ್ಟಳು. ಅವನು ಪುಣೆಯ ತನ್ನ ಮನೆಗೂ ಅಂಥದ್ದೊಂದು ಹಾಕಿಸುತ್ತೇನೆ ಅಂತ ಅದರ ಫೋಟೋ ತೆಗೆದುಕೊಂಡ.