ಎರರ್ ಮೆಸೇಜ್ ಸರಿಯಿತ್ತು, ಡೇಟಾಬೇಸ್ ಸರಿಯಿರಲಿಲ್ಲ

ಜಾವಾ ಫ್ರೇಮ್‌ವರ್ಕ್ ಸ್ಪ್ರಿಂಗ್ 3.2ರಲ್ಲಿ ಕಂಟ್ರೋಲರ್ ಅಡ್ವೈಸ್ (ವೆಬ್ ಕೋರಿಕೆಗಳನ್ನು ನೋಡಿಕೊಳ್ಳುವ ಕಂಟ್ರೋಲರ್‌ಗಳಿಂದ ಬರುವ ಎಕ್ಸೆಪ್ಷನ್‌ಗಳನ್ನು, ಅಂದರೆ ಪ್ರೋಗ್ರಾಂ ಓಡುವಾಗ ಏಳುವ ದೋಷಗಳನ್ನು, ಒಂದೇ ಕಡೆ ಹಿಡಿಯುವ ಕ್ಲಾಸ್) ಬಂದ ಮೇಲೆ ಪ್ರತಿ ಕಂಟ್ರೋಲರಿನಲ್ಲೂ ಟ್ರೈ-ಕ್ಯಾಚ್ ಬರೆಯುವ ಗೋಳು ತಪ್ಪಿತು. ನಮ್ಮ ಆರ್ಡರ್ ಅಪ್ಲಿಕೇಶನ್‌ನಲ್ಲೂ ಎಕ್ಸೆಪ್ಷನ್‌ಗಳೆಲ್ಲ ಒಂದೇ ಕ್ಲಾಸಿಗೆ ಬಂದು ಸೇರುವಂತೆ ಮಾಡಿದ್ದೆ. ಸರಿಯಾದ ಸ್ಟೇಟಸ್ ಕೋಡ್, ಓದಿದರೆ ಅರ್ಥವಾಗುವ ಮೆಸೇಜ್. ಆ ಕ್ಲಾಸ್ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಒಂದು ದಿನ ಸಪೋರ್ಟ್ ತಂಡದಿಂದ ದೂರು ಬಂತು: ಒಂದೇ ಆರ್ಡರ್ ಎರಡು ಸಲ, ಕೆಲವು ಕಡೆ ಮೂರು ಸಲ ದಾಖಲಾಗಿದೆ. ಲಾಗ್ ತೆಗೆದು ನೋಡಿದೆ. ಸರ್ವಿಸ್ ಮೆಥಡ್ ಮೊದಲು ಆರ್ಡರ್ ಸೇವ್ ಮಾಡುತ್ತದೆ, ಆಮೇಲೆ ಸ್ಟಾಕ್ ಸಿಸ್ಟಮ್ಮಿಗೆ ಕರೆ ಕಳಿಸುತ್ತದೆ. ಆ ಕರೆ ಟೈಮ್‌ಔಟ್ ಆದಾಗ ನಾವೇ ಬರೆದ ಒಂದು ಎಕ್ಸೆಪ್ಷನ್ ಎಸೆಯುತ್ತಿತ್ತು. ಅಡ್ವೈಸ್ ಅದನ್ನು ಹಿಡಿದು, 503 (ಸೇವೆ ಸದ್ಯ ಲಭ್ಯವಿಲ್ಲ ಎನ್ನುವ ಸ್ಟೇಟಸ್ ಕೋಡ್) ಕೊಟ್ಟು, "ಆರ್ಡರ್ ಆಗಲಿಲ್ಲ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ" ಎನ್ನುತ್ತಿತ್ತು. ಜನ ಅದನ್ನು ನಂಬಿ ಮತ್ತೆ ಬಟನ್ ಒತ್ತಿದರು. ಆದರೆ ಮೊದಲ ಆರ್ಡರ್ ಟೇಬಲ್ಲಿನಲ್ಲಿ ಹಾಗೇ ಕೂತಿತ್ತು.

ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅನೊಟೇಷನ್ (ಡೇಟಾಬೇಸ್ ಕೆಲಸ ಪೂರ್ತಿ ಆಗಲಿ, ಇಲ್ಲವೇ ಎಲ್ಲ ರದ್ದಾಗಲಿ, ಅಂದರೆ ರೋಲ್‌ಬ್ಯಾಕ್ ಆಗಲಿ ಎನ್ನುವ ಗುರುತು) ಇತ್ತಲ್ಲ, ರೋಲ್‌ಬ್ಯಾಕ್ ಯಾಕಾಗಲಿಲ್ಲ? ಅರ್ಧ ದಿನ ಇದರಲ್ಲೇ ಹೋಯಿತು. ಉತ್ತರ ಸ್ಪ್ರಿಂಗ್ ದಾಖಲೆಯಲ್ಲೇ ಇತ್ತು: ಬೇರೇನೂ ಹೇಳದಿದ್ದರೆ ಸ್ಪ್ರಿಂಗ್ ರೋಲ್‌ಬ್ಯಾಕ್ ಮಾಡುವುದು ರನ್‌ಟೈಮ್ ಎಕ್ಸೆಪ್ಷನ್ ಮತ್ತು ಎರರ್‌ಗಳಿಗೆ ಮಾತ್ರ. ಇಜೆಬಿ (ಜಾವಾದ ಹಳೆಯ ಎಂಟರ್‌ಪ್ರೈಸ್ ತಂತ್ರಜ್ಞಾನ) ಕಾಲದಿಂದ ಬಂದ ಪದ್ಧತಿ ಅದು. ನಮ್ಮದು ಚೆಕ್ಡ್ ಎಕ್ಸೆಪ್ಷನ್, ಅಂದರೆ ಹಿಡಿಯಬೇಕು ಇಲ್ಲವೇ ಘೋಷಿಸಬೇಕು ಎಂದು ಕಂಪೈಲರ್ ಒತ್ತಾಯಿಸುವ, ಆ ಎರಡಕ್ಕೂ ಸೇರದ ಬಗೆ. ಹಾಗಾಗಿ ಮೆಥಡ್ಡಿನಿಂದ ಅದು ಹೊರಬೀಳುವಾಗ ಟ್ರಾನ್ಸಾಕ್ಷನ್ ನಿಶ್ಚಿಂತೆಯಿಂದ ಕಮಿಟ್ ಆಗುತ್ತಿತ್ತು, ಅಂದರೆ ಡೇಟಾಬೇಸಿನಲ್ಲಿ ಖಾಯಂ ಆಗುತ್ತಿತ್ತು. ಅಡ್ವೈಸ್ ಕೈಗೆ ವಿಷಯ ಸಿಗುವುದು ಅದೆಲ್ಲ ಮುಗಿದ ಮೇಲೆ. ಅಲ್ಲಿ ಎಷ್ಟು ಚೆನ್ನಾಗಿ ಬರೆದರೂ ಕಮಿಟ್ ಆದದ್ದನ್ನು ಹಿಂದಕ್ಕೆ ತರಲಾಗದು.

ಆ ಹೊತ್ತಿಗೆ ಅನೊಟೇಷನ್‌ನಲ್ಲಿ ರೋಲ್‌ಬ್ಯಾಕ್‌ಫಾರ್ (ಯಾವ ಎಕ್ಸೆಪ್ಷನ್‌ಗೆ ರೋಲ್‌ಬ್ಯಾಕ್ ಆಗಬೇಕೆಂದು ಹೇಳುವ ಸೆಟ್ಟಿಂಗ್) ಸೇರಿಸಿ ಗಾಯಕ್ಕೆ ಪಟ್ಟಿ ಕಟ್ಟಿದೆ. ಆದರೆ ಹೊಸ ಮೆಥಡ್ ಬರೆಯುವವರು ಅದನ್ನು ಮರೆಯುವುದು ಖಂಡಿತ. ಅದಕ್ಕೇ ನಮ್ಮ ಎಕ್ಸೆಪ್ಷನ್‌ಗಳನ್ನೆಲ್ಲ ರನ್‌ಟೈಮ್ ಎಕ್ಸೆಪ್ಷನ್ನಿನ ಮಕ್ಕಳಾಗಿ ಬದಲಾಯಿಸಿದೆವು. (ಸ್ಪ್ರಿಂಗ್ 6.2ರಿಂದ ಎಲ್ಲ ಎಕ್ಸೆಪ್ಷನ್‌ಗೂ ರೋಲ್‌ಬ್ಯಾಕ್ ಆಗಲಿ ಎಂದು ಇಡೀ ಅಪ್ಲಿಕೇಶನ್‌ಗೆ ಒಂದೇ ಕಡೆ ಹೇಳಬಹುದು.)

ನನಗೆ ಹೆಚ್ಚು ನೋವಾದದ್ದು ಟೆಸ್ಟ್ ನೋಡಿ. 503 ಬಂತೇ ಎಂದಷ್ಟೇ ನೋಡುತ್ತಿದ್ದ ಟೆಸ್ಟ್ ಅಷ್ಟು ದಿನವೂ ಪಾಸಾಗುತ್ತಿತ್ತು. ಈಗ ಅದು ರೆಸ್ಪಾನ್ಸ್ ಬಂದ ಮೇಲೆ ಟೇಬಲ್ಲಿನ ಸಾಲುಗಳನ್ನೂ ಎಣಿಸುತ್ತದೆ. ಹಾಗೆ ಎಣಿಸಲು ಟೆಸ್ಟ್ ಕ್ಲಾಸಿನ ಮೇಲಿದ್ದ ಟ್ರಾನ್ಸಾಕ್ಷನಲ್ ತೆಗೆಯಬೇಕಾಯಿತು. ಅದಿದ್ದರೆ ಸರ್ವಿಸ್ ಕೂಡ ಟೆಸ್ಟಿನ ಟ್ರಾನ್ಸಾಕ್ಷನ್ನಿಗೇ ಸೇರಿಕೊಳ್ಳುತ್ತದೆ, ನಿಜವಾದ ರೋಲ್‌ಬ್ಯಾಕ್ ಟೆಸ್ಟ್ ಮುಗಿಯುವ ತನಕ ನಡೆಯುವುದೇ ಇಲ್ಲ.