ಕರಿ ನಾಯಿ, ಶಹಾಬಾದಿ ಫರಸಿ, ಹೊಸ್ತಿಲ ಬೆಳಕು

ಕಲಬುರಗಿಯ ಬಿಸಿಲಿನಲ್ಲಿ ಕರಿ ನಾಯಿಯ ಫೋಟೊ ತೆಗೆದರೆ ಎರಡರಲ್ಲಿ ಒಂದು ಕೆಡುತ್ತದೆ. ನಾಯಿ ಸರಿಯಾಗಿ ಕಂಡರೆ ಹಿಂದಿನ ಗೋಡೆ ಬೆಳ್ಳಗೆ ಸುಟ್ಟುಹೋಗಿರುತ್ತದೆ. ಗೋಡೆ ಸರಿಯಾಗಿ ಬಂದರೆ ನಾಯಿ ಇದ್ದ ಜಾಗದಲ್ಲಿ ಒಂದು ಇದ್ದಿಲ ಗುಡ್ಡೆ, ಅದರೊಳಗಿಂದ ಇಣುಕುವ ಕೆಂಪು ನಾಲಿಗೆ. ಎಡಿಟಿಂಗ್‌ನಲ್ಲಿ ನೋಡಿಕೊಂಡರಾಯಿತು ಎಂದು ಕತ್ತಲ ಭಾಗ ಬೆಳಗಿಸುವ ಶ್ಯಾಡೋ ಸ್ಲೈಡರನ್ನು 100ರ ತನಕ ಎಳೆದರೆ ಸಿಗುವುದು ಬೂದಿಯಲ್ಲಿ ಹೊರಳಾಡಿ ಬಂದಂಥ ನಾಯಿ. ಕೂದಲ ಮೇಲೆ ಬೀಳದ ಬೆಳಕನ್ನು ಯಾವ ಸಾಫ್ಟ್‌ವೇರೂ ಆಮೇಲೆ ತಂದು ಹಾಕುವುದಿಲ್ಲ.

ಬೇಕಾದ ಬೆಳಕು ಮನೆಯ ತಲೆಬಾಗಿಲಲ್ಲೇ ಇದೆ. ಬಿಸಿಲು ನೇರವಾಗಿ ಒಳಗೆ ಬೀಳದ ಹೊತ್ತು ನೋಡಿಕೊಳ್ಳಬೇಕು: ಪೂರ್ವದ ಬಾಗಿಲಾದರೆ ಸಂಜೆ, ಪಶ್ಚಿಮದ್ದಾದರೆ ಬೆಳಿಗ್ಗೆ. ನಾಯಿಯನ್ನು ಹೊಸ್ತಿಲಿಂದ ಎರಡು ಮೂರು ಅಡಿ ಒಳಗೆ ಕೂರಿಸಿ, ಮೈ ಬಾಗಿಲಿಗೆ ಓರೆಯಾಗಿರಲಿ. ಎದುರಾಗಿ ಕೂತರೆ ಬೆಳಕು ಮೈಮೇಲೆ ಚಪ್ಪಟೆಯಾಗಿ ಬೀಳುತ್ತದೆ; ಓರೆಯಾಗಿ ಕೂತರೆ ಕೂದಲ ಮೇಲೆ ಜಾರಿ ಒಂದೊಂದು ಎಳೆಯನ್ನೂ ತೋರಿಸುತ್ತದೆ. ಒಳಗಿನ ಟ್ಯೂಬ್‌ಲೈಟ್ ಆರಿಸಿಬಿಡಿ. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಬೆಳಕಿನ ಬಣ್ಣ ಸರಿಮಾಡುವ ವೈಟ್ ಬ್ಯಾಲೆನ್ಸ್ ಯಾವ ಕಡೆ ತಿರುಗಿಸಿದರೂ ಒಂದು ಕೆನ್ನೆ ಕೆಡುತ್ತದೆ. ನೆಲಕ್ಕೆ ಶಹಾಬಾದಿ ಫರಸಿ ಇದ್ದರೆ ಛಲೋ ಆಯಿತು. ಆ ತಿಳಿ ಬೂದು ಕಲ್ಲು ಗದ್ದದ ಕೆಳಗೆ ಅಷ್ಟಿಷ್ಟು ಬೆಳಕು ಎತ್ತಿಕೊಡುತ್ತದೆ. ಆದರೆ ಆಗಷ್ಟೇ ಒರೆಸಿದ ಹಸಿ ಫರಸಿ ಬೇಡ. ಒದ್ದೆಯಾದಾಗ ಕಲ್ಲು ಕಪ್ಪಾಗುತ್ತದೆ, ಜೊತೆಗೆ ಬಾಗಿಲಿನ ಹೊಳಪು ನೆಲದ ಮೇಲೆ ಪಟ್ಟಿಯಾಗಿ ಕೂತುಬಿಡುತ್ತದೆ.

ಹಿಂದೆ ಕತ್ತಲೆ ಕೋಣೆ ಇದ್ದರೆ ಕರಿ ಕಿವಿಗಳು ಅದರಲ್ಲಿ ಕರಗುತ್ತವೆ. ನಾಲ್ಕೈದು ಅಡಿ ಹಿಂದೆ ಮಣ್ಣಿನ ಬಣ್ಣದ್ದೋ ತಿಳಿ ಬೂದಿಯದೋ ಒಂದು ಚಾದರ ಇಳಿಬಿಡಿ. ಕೌದಿ ಚೆಂದವೇ, ಆದರೆ ಅದರ ಒಂದೊಂದು ತುಂಡು ಬಟ್ಟೆಯೂ ‘ನನ್ನ ನೋಡು’ ಅನ್ನುತ್ತದೆ. ಹೊಲದಲ್ಲಿ ತೆಗೆಯುವುದಾದರೂ ಇದೇ ಲೆಕ್ಕ. ಎರೆಮಣ್ಣಿನ ಮೇಲೆ ಕರಿ ನಾಯಿ ಕಾಣೆಯಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಒಣಗಿದ ಕಟ್ಟಿಗೆ ಒಟ್ಟಿದ ಬಣವೆಯ ಮುಂದೆ ಎದ್ದು ಕಾಣುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ತೊಡಕು, ತೇಕು. ಸೆಕೆಗೆ ನಾಯಿ ನಾಲಿಗೆ ಚಾಚಿದಾಗ ಬಾಯಿಯ ಮೂಲೆ ಹಿಂದಕ್ಕೆ ಎಳೆದು ಕಣ್ಣು ಕಿರಿದಾಗುತ್ತದೆ. ನಗುವ ಹಾಗೆ ಕಾಣುತ್ತದೆ ನಿಜ, ಆದರೆ 20 ಫೋಟೊದಲ್ಲೂ ಅದೇ ಮುಖ ಬಂದರೆ ಯಾವ ನಾಯಿಯದೆಂದು ಹೇಳುವುದೇ ಕಷ್ಟ. ಓಡಾಡಿಸುವ ಮೊದಲೇ ಫೋಟೊ ಮುಗಿಸಿ, ನೀರು ಪಕ್ಕದಲ್ಲೇ ಇರಲಿ. ಬಾಯಿ ಮುಚ್ಚಿಸಲು ಒಂದು ಸದ್ದು ಬೇಕು. ಕಡಕ್ ರೊಟ್ಟಿಯನ್ನು ಕ್ಯಾಮೆರಾ ಪಕ್ಕ ಹಿಡಿದು ಚಟ್ಟನೆ ಮುರಿದರೆ ತೇಕು ನಿಂತು, ಕಿವಿ ಎದ್ದು, ತಲೆ ಒಂದು ಕಡೆ ವಾಲುತ್ತದೆ. ಒಂದೆರಡು ಸೆಕೆಂಡಷ್ಟೇ. ಇದು ಎರಡು ಮೂರು ಸಲ ನಡೆಯುತ್ತದೆ. ಆಮೇಲೆ ನಾಯಿ ಸದ್ದಿಗೆ ತಿರುಗುವುದಿಲ್ಲ, ರೊಟ್ಟಿಗೆ ಎದ್ದು ಬರುತ್ತದೆ. ಮನೆ ಮಂದಿಯೆಲ್ಲ ‘ಕುಂಡ್ರು, ಕುಂಡ್ರು’ ಎಂದು ಕೂಗಬಾರದು. ಒಬ್ಬರೇ ಹೇಳಲಿ.

ಕ್ಯಾಮೆರಾ ನಾಯಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ನೀವು ನೆಲಕ್ಕೆ ಕೂರಬೇಕು. ಕೂತ ನಾಯಿಗೆ ಶಟರ್ ವೇಗ 1/250 ಸೆಕೆಂಡು ಸಾಕು, ತಲೆ ಆಡಿಸುವುದಾದರೆ 1/500. ಮೂತಿ ಉದ್ದವಿರುವ ಮುಧೋಳ ನಾಯಿಯಂಥದಕ್ಕೆ ಲೆನ್ಸಿನ ಕಂಡಿ (ಅಪರ್ಚರ್) ಎಫ್ 1.8ರಷ್ಟು ಅಗಲ ಇಟ್ಟರೆ ಕಣ್ಣು ಚೂಪಾಗಿ, ಮೂಗು ಮಂಜಾಗಿ ಬರುತ್ತದೆ. ಎಫ್ 4ರಿಂದ 5.6ರ ನಡುವೆ ಇಡಿ, ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಫೋನಾದರೆ ಒಂದಡಿ ದೂರದಿಂದ ತೆಗೆಯಬೇಡಿ, ಮೂಗು ಬದನೆಕಾಯಿಯಷ್ಟಾಗುತ್ತದೆ. ಐದಾರು ಅಡಿ ಹಿಂದೆ ಸರಿದು 2 ಎಕ್ಸ್ ಅಥವಾ 3 ಎಕ್ಸ್ ಲೆನ್ಸ್ ಬಳಸಿ. ಪೋರ್ಟ್ರೇಟ್ ಮೋಡ್ ಮೀಸೆಯನ್ನೂ ಕಿವಿಯಂಚಿನ ಕೂದಲನ್ನೂ ಕತ್ತರಿಯಿಂದ ಕತ್ತರಿಸಿದಂತೆ ತೆಗೆದುಹಾಕುತ್ತದೆ, ಬ್ಲರ್ ತೀರ ಕಡಿಮೆ ಇಡಿ.

ಎಕ್ಸ್‌ಪೋಶರ್, ಅಂದರೆ ಫೋಟೊಗೆ ಎಷ್ಟು ಬೆಳಕು ಬಿಡಬೇಕೆಂಬ ವಿಷಯದಲ್ಲಿ ತಿಳಿದವರೂ ಎಡವುತ್ತಾರೆ. ಫ್ರೇಮ್ ತುಂಬ ಕಪ್ಪಿದ್ದರೆ ಕ್ಯಾಮೆರಾದ ಬೆಳಕಳೆಯುವ ಮೀಟರ್ ಅದನ್ನು ಬೂದು ಮಾಡಲು ಬೆಳಕು ಹೆಚ್ಚಿಸುತ್ತದೆ. ಮಾಮೂಲಿ ಜೆಪಿಇಜಿ ಫೈಲಿನಲ್ಲಿ ತೆಗೆಯುವಾಗ ಎಕ್ಸ್‌ಪೋಶರನ್ನು ಮೈನಸ್ 0.7ರಷ್ಟು ಇಳಿಸಿ. ಕ್ಯಾಮೆರಾ ತಿದ್ದದೆ ಇಡುವ ರಾ ಫೈಲಾದರೆ ಇಳಿಸದಿರುವುದೇ ಲೇಸು. ಬೆನ್ನಿನ ಮೇಲಿನ ಹೊಳಪು ಸುಡದಷ್ಟು ನೋಡಿಕೊಂಡರೆ ಸಾಕು. ಆ ಹೆಚ್ಚುವರಿ ಬೆಳಕಿನಲ್ಲೇ ಕೂದಲ ವಿವರ ಉಳಿದಿರುತ್ತದೆ, ಎಡಿಟಿಂಗ್‌ನಲ್ಲಿ ಕೆಳಗಿಳಿಸಬಹುದು. ಕತ್ತಲಾಗಿ ತೆಗೆದು ಆಮೇಲೆ ಮೇಲೆತ್ತಿದರೆ ಕಪ್ಪಿನೊಳಗಿಂದ ಬಣ್ಣಬಣ್ಣದ ಮರಳು ಏಳುತ್ತದೆ.

ಶುರು ಮಾಡುವ ಮೊದಲು ಒದ್ದೆ ಬಟ್ಟೆಯಿಂದ ಕಣ್ಣಿನ ಪಿಸುರು ಒರೆಸಿ, ಕಾಲು ಗಂಟೆ ಮುಂಚೆ ಕೊರಳ ಪಟ್ಟಿ ಬಿಚ್ಚಿ. ಪಟ್ಟಿಯಡಿ ಒತ್ತಿದ ಕೂದಲು ಏಳಲು ಅಷ್ಟು ಹೊತ್ತು ಬೇಕು. ನಾಯಿ ಕೂರುವುದಿಲ್ಲವೆಂದರೆ ತೆಳ್ಳನೆಯ ಹಗ್ಗವನ್ನು ಕತ್ತಿನ ಹಿಂದಿನಿಂದ ಮೇಲಕ್ಕೆ ಹಿಡಿಸಿ. ಚಾದರದ ಮೇಲೆ ಹಾದುಹೋದ ಹಗ್ಗವನ್ನು ಅರೆ ನಿಮಿಷದಲ್ಲಿ ಅಳಿಸಬಹುದು. ಎದೆಗೂದಲ ಮೇಲೆ ಹಾದ ಹಗ್ಗ ಅರ್ಧ ಗಂಟೆ ತಿನ್ನುತ್ತದೆ. ಅಳಿಸುವಾಗಲೂ ಒಂದೇ ಏಟಿಗೆ ಬಳಿಯದೆ ಚಿಕ್ಕ ಚಿಕ್ಕ ತುಂಡುಗಳಲ್ಲಿ ಹೋಗಿ, ಕೂದಲಿಗೆ ತಾಗುವ ಕೊನೆಯ ಬೆರಳಗಲವನ್ನು ಮಾತ್ರ ಪಕ್ಕದ ಭಾಗವನ್ನು ನಕಲಿಸುವ ಕ್ಲೋನ್‌ನಿಂದ ಮಾಡಿ.

ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಮೊದಲ ಕೆಲಸ ವೈಟ್ ಬ್ಯಾಲೆನ್ಸ್. ಬಾಗಿಲಿನಿಂದ ಬರುವುದು ಬಹುಮಟ್ಟಿಗೆ ಆಕಾಶದ ಬೆಳಕು, ಕರಿ ಮೈ ಅದನ್ನು ನೀಲಿಯಾಗಿ ಹೊಳೆಯಿಸುತ್ತದೆ. ಟೆಂಪರೇಚರ್ 6500ರ ಆಸುಪಾಸಿಗೆ ಏರಿಸಿ. ಇನ್ನೂ ನೀಲಿ ಉಳಿದರೆ ನಾಯಿಯನ್ನಷ್ಟೇ ಬೇರೆಯಾಗಿ ಆಯ್ದು (ಮಾಸ್ಕ್ ಮಾಡಿ) ಬಣ್ಣದ ಗಾಢತೆಯ ಸ್ಯಾಚುರೇಶನ್ ಮೈನಸ್ 30ರಷ್ಟು ಇಳಿಸಿ, ಆದರೆ ಕಣ್ಣು ಮತ್ತು ನಾಲಿಗೆಯನ್ನು ಆ ಮಾಸ್ಕಿನಿಂದ ಕಳೆಯಿರಿ, ಇಲ್ಲದಿದ್ದರೆ ಜೇನುಬಣ್ಣದ ಕಣ್ಣು ಬೂದಿಯಾಗುತ್ತದೆ. ಬೀದರಿನಲ್ಲಿ ತೊಂದರೆ ತಿರುವು ಮುರುವು. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಬಿಳಿ ನಾಯಿ ಕೂತರೆ ಗದ್ದ, ಹೊಟ್ಟೆಯೆಲ್ಲ ಕೆಂಪೇರುತ್ತದೆ. ಇಡೀ ಚಿತ್ರ ತಂಪು ಮಾಡಿದರೆ ಬೆನ್ನು ನೀಲಿಯಾಗುತ್ತದೆ, ಹಾಗಾಗಿ ಕೆಳಭಾಗಕ್ಕೆ ಮಾತ್ರ ಬ್ರಶ್ ಆಡಿಸಿ.

ಕೂದಲಿಗೆ, ಸಣ್ಣ ವಿವರ ಎತ್ತಿ ತೋರಿಸುವ ಟೆಕ್ಸ್ಚರ್ 15ರಿಂದ 25 ಸಾಕು. ಕ್ಲ್ಯಾರಿಟಿ ಹತ್ತಿರ ಹೋಗಬೇಡಿ, ಮೆತ್ತನೆಯ ನಾಯಿ ತಂತಿ ಬ್ರಶ್ ಆಗುತ್ತದೆ.

ಈಗ ಕಣ್ಣು. 200 ಪರ್ಸೆಂಟ್ ಝೂಮ್ ಮಾಡಿ ನೋಡಿ. ಕರಿಯ ಪಾಪೆಯ ಮೇಲೆ ನಿಮ್ಮ ಬಾಗಿಲು ಒಂದು ಬಿಳಿ ಚೌಕವಾಗಿ ಕೂತಿರುತ್ತದೆ, ಚೌಕದ ನಡುವೆ ಕಪ್ಪು ಗೂಟದ ಹಾಗೆ ಫೋಟೊ ತೆಗೆದವರ ನೆರಳು. ಗೂಟ ನಟ್ಟನಡುವೆ ಬಂದರೆ ಹೊಳಪು ಎರಡಾಗಿ ಸೀಳಿ ನೋಟ ಮಂಕಾಗುತ್ತದೆ. ತೆಗೆಯುವಾಗಲೇ ಬಾಗಿಲ ಒಂದು ಪಕ್ಕಕ್ಕೆ ಸರಿದಿದ್ದರೆ ಹೊಳಪು ಕಣ್ಣಿನ ಮೇಲ್ಮೂಲೆಯಲ್ಲಿ ಇಡಿಯಾಗಿ ನಿಲ್ಲುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಬಳೆಗೆ ಮಾತ್ರ ಎಕ್ಸ್‌ಪೋಶರ್ 0.3ರಿಂದ 0.5 ಏರಿಸಿ, ಅಲ್ಲಿಗೆ ನಿಲ್ಲಿಸಿ. ಫ್ಲಾಶ್ ಹಾಕಿ ಹಸಿರು ಹಳದಿ ಕಣ್ಣು ಬಂದಿದ್ದರೆ ರೆಡ್ ಐ ಉಪಕರಣ ಅದನ್ನು ಗುರುತಿಸುವುದಿಲ್ಲ, ಏಕೆಂದರೆ ಅದು ನಾಯಿಯ ಕಣ್ಣಿನ ಹಿಂಬದಿಯ ಕನ್ನಡಿಯಂಥ ಪದರದಿಂದ ಬಂದ ಹೊಳಪು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಅದಕ್ಕೆ ಪೆಟ್ ಐ ಎಂಬ ಬೇರೆ ಆಯ್ಕೆಯೇ ಇದೆ.

ಕ್ರಾಪ್ ಮಾಡುವಾಗ ಫರಸಿ ಸಂದಿನ ಗೆರೆ ಹಿಡಿದು ಮೊದಲು ಓರೆ ತಿದ್ದಿ. ಕಣ್ಣು ಮೇಲಿನ ಮೂರನೇ ಒಂದರ ಗೆರೆಯಲ್ಲಿರಲಿ, ನೋಡುತ್ತಿರುವ ಕಡೆ ಜಾಗ ಹೆಚ್ಚಿರಲಿ. ಕಾಲನ್ನು ಕೀಲಿನಲ್ಲಿ ಕತ್ತರಿಸಬೇಡಿ: ಒಂದೋ ಎದೆಯ ಮಟ್ಟಕ್ಕೆ, ಇಲ್ಲವೇ ಪಂಜದ ಕೆಳಗೂ ಎರಡು ಬೆರಳು ನೆಲ ಬಿಟ್ಟು. ಪ್ರಿಂಟಿನ ಅಳತೆ ಮೊದಲೇ ತೀರ್ಮಾನಿಸಿ. 8x12 ಇಂಚಿಗೆ ಕ್ರಾಪ್ ಮಾಡಿದ್ದನ್ನು 8x10 ಚೌಕಟ್ಟಿಗೆ ಹಾಕಿದರೆ ಹೋಗುವುದು ಕಿವಿಯೇ. 8x10ಕ್ಕೆ 2400x3000 ಪಿಕ್ಸೆಲ್ ಬೇಕು, ಕಲರ್ ಸ್ಪೇಸ್ (ಫೈಲಿನ ಬಣ್ಣಗಳ ವ್ಯಾಪ್ತಿ) ಎಸ್‌ಆರ್‌ಜಿಬಿ.

ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಕರಿ ನಾಯಿ ಪ್ರಿಂಟಿನಲ್ಲಿ ಇನ್ನಷ್ಟು ಮುಳುಗುತ್ತದೆ. ಮೊದಲು 4x6 ಒಂದು ತೆಗೆಸಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಿಬಿಡದೆ ಮನೆಗೆ ತಂದು ಅದೇ ಹೊಸ್ತಿಲಲ್ಲಿ ಹಿಡಿದು ನೋಡಿ. ಎದೆಯ ಕೂದಲು ಎಳೆ ಎಳೆಯಾಗಿ ಕಂಡರೆ ದೊಡ್ಡದಕ್ಕೆ ಕೊಡಿ. ಮುದ್ದೆಯಾಗಿ ಕಂಡರೆ ಶ್ಯಾಡೋ ಇನ್ನೊಂದು 10 ಏರಿಸಿ ಮತ್ತೊಂದು 4x6 ತೆಗೆಸಿ.